ನಕ್ಷೆಯಲ್ಲಿ ಮುಳುಗುವ ಕಾರವಾರ, ಮಾಪಕದಲ್ಲಿ ಏರುವ ಕಡಲು

ಕಡಲ ಮಟ್ಟದ ಬಗ್ಗೆ ಉತ್ತರ ಕನ್ನಡದ ಓದುಗರ ಕೈಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ನಕ್ಷೆಯಲ್ಲಿ 2050ರ ಹೊತ್ತಿಗೆ ಕಾಳಿ ಅಳಿವೆಯ ಎರಡೂ ದಡ, ಅಘನಾಶಿನಿಯ ಗಜನಿ (ಅಳಿವೆಯಂಚಿನ ತಗ್ಗು ಗದ್ದೆ), ಶರಾವತಿಯ ಕುರ್ವೆಗಳು (ನಡುಗಡ್ಡೆಗಳು) ಕೆಂಪಾಗಿ ಕಾಣುತ್ತವೆ. ಕೆಂಪೆಂದರೆ ನೀರಿನ ಪಾಲು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯನ್ನು ತೆರೆದರೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ 3.3 ಮಿಲಿಮೀಟರ್ ಏರುತ್ತಿದೆ ಎಂದಿದೆ. ಹಾಗಾದರೆ ಮೂವತ್ತು ವರ್ಷಕ್ಕೆ ಹತ್ತು ಸೆಂಟಿಮೀಟರ್. ಅಷ್ಟಕ್ಕೆ ಊರು ಮುಳುಗೀತೇ? 2025ರ ಮಾರ್ಚ್‌ನಲ್ಲಿ ನಾಸಾ ಮತ್ತೊಂದು ಅಂಕಿ ಕೊಟ್ಟಿತು: 2024ರಲ್ಲಿ ಜಗತ್ತಿನ ಕಡಲು 0.43 ಸೆಂಟಿಮೀಟರ್ ಏರಬಹುದೆಂಬ ಅಂದಾಜಿತ್ತು, ಏರಿದ್ದು 0.59. ಇಷ್ಟರ ನಡುವೆ ಹಾರವಾಡದಲ್ಲೋ ಪಾವಿನಕುರ್ವೆಯಲ್ಲೋ ಕಡಲ್ಕೊರೆತದ ಸುದ್ದಿ ಬಂದಾಗ, ಅದು ಹವಾಮಾನ ಬದಲಾವಣೆಯ ಫಲವೆಂದು ಒಬ್ಬರು, ಬಂದರು ಕಾಮಗಾರಿಯ ಫಲವೆಂದು ಇನ್ನೊಬ್ಬರು, ಪ್ರತಿ ಮಳೆಗಾಲದ ಮಾಮೂಲು ಎಂದು ಮತ್ತೊಬ್ಬರು ಹೇಳುತ್ತಾರೆ.

ವಿಚಿತ್ರವೆಂದರೆ, ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ನಮ್ಮ ಕರಾವಳಿಯ ಮುಂದಿರುವ ಪ್ರಶ್ನೆ ಇವೆಲ್ಲಕ್ಕಿಂತಲೂ ಭಿನ್ನ: ಒಂದು ನಿರ್ದಿಷ್ಟ ಕಟ್ಟೆಯನ್ನು, ಒಂದು ನಿರ್ದಿಷ್ಟ ರಸ್ತೆಯನ್ನು ನೀರು ವರ್ಷಕ್ಕೆ ಎಷ್ಟು ಬಾರಿ ದಾಟುತ್ತದೆ? ಅದನ್ನು ಹೇಳಬಲ್ಲ ದತ್ತಾಂಶದ ಬಹುಪಾಲು ಸಾರ್ವಜನಿಕವಾಗಿಯೇ ಇದೆ. ಕೊರತೆ ಇರುವುದು ನೆಲದ ಕಡೆ.

ಅಂಕಿಗಳು ಹೊಂದದಿರಲು ಕಾರಣ

ಕಡಲ ಮಟ್ಟ ಏರಲು ಮುಖ್ಯವಾಗಿ ಎರಡು ಕಾರಣ. ಬಿಸಿಯಾದ ನೀರು ಹಿಗ್ಗುತ್ತದೆ. ಹಿಮನದಿಗಳೂ ಗ್ರೀನ್‌ಲ್ಯಾಂಡ್–ಅಂಟಾರ್ಕ್ಟಿಕಾದ ಹಿಮಹಾಸುಗಳೂ ಕರಗಿ ಕಡಲಿಗೆ ಸೇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಜಾಗತಿಕ ಏರಿಕೆಯ ದೊಡ್ಡ ಪಾಲು ಕರಗಿದ ಹಿಮದ್ದು. 2024ರಲ್ಲಿ ಇದು ತಿರುವುಮುರುವಾಯಿತು, ಸುಮಾರು ಮೂರನೇ ಎರಡು ಭಾಗ ಹಿಗ್ಗುವಿಕೆಯಿಂದಲೇ ಬಂತು. ದಾಖಲೆಯ ಮಟ್ಟದಲ್ಲಿ ಬಿಸಿಯಾದ ವರ್ಷ ಅದು. ಹಾಗಾಗಿ ಒಂದು ವರ್ಷದ ಜಿಗಿತವನ್ನು ನೋಡಿ ಮುಂದಿನ ಎಲ್ಲ ವರ್ಷಗಳಿಗೂ ಅದೇ ಲೆಕ್ಕ ಹಾಕುವುದು ತಪ್ಪು, ಅದನ್ನು ಬರೀ ಆಕಸ್ಮಿಕವೆಂದು ತಳ್ಳಿಹಾಕುವುದೂ ತಪ್ಪು. ಉಪಗ್ರಹಗಳ ಅಳತೆ ಶುರುವಾದ 1993ರ ಸುಮಾರಿಗೆ ವರ್ಷಕ್ಕೆ ಎರಡು ಮಿಲಿಮೀಟರ್ ಆಸುಪಾಸಿನಲ್ಲಿದ್ದ ಜಾಗತಿಕ ವೇಗ ಈಗ ಅದರ ಎರಡು ಪಟ್ಟು ದಾಟಿದೆ.

ಉತ್ತರ ಹಿಂದೂ ಮಹಾಸಾಗರದ ಕಥೆಯೂ ಇದೇ ದಿಕ್ಕಿನದು. ಸಚಿವಾಲಯದ ಅದೇ ವರದಿಯ ಪ್ರಕಾರ 1874ರಿಂದ 2004ರ ತನಕದ ಏರಿಕೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್, 1993ರಿಂದ 2015ರ ಅವಧಿಯಲ್ಲಿ 3.3. ಮುಂಬೈ ಅಥವಾ ಕೊಚ್ಚಿಯ ಹಳೆಯ ದಾಖಲೆ ಹಿಡಿದು ‘ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ’ ಎನ್ನುವವರು ಇಡೀ ಶತಮಾನದ ಸರಾಸರಿ ಹೇಳುತ್ತಿದ್ದಾರೆ. ಮೂರು, ನಾಲ್ಕು ಎನ್ನುವವರು ಕಳೆದ ಮೂರು ದಶಕಗಳ ಮಾತಾಡುತ್ತಿದ್ದಾರೆ. ವೇಗ ಹೆಚ್ಚುತ್ತಿರುವ ಸಂಗತಿಯಲ್ಲಿ ಅವಧಿ ಉದ್ದವಾದಷ್ಟೂ ಸರಾಸರಿ ಕಡಿಮೆ ಬರುತ್ತದೆ. ಅವಧಿ ಹೇಳದೆ ಅಂಕಿ ಹೇಳುವವರ ಮಾತನ್ನು ಅರ್ಧಕ್ಕೇ ನಿಲ್ಲಿಸಬೇಕು.

ಬಂದರಿನ ಮಾಪಕ, ಬಾನಿನ ಉಪಗ್ರಹ

ಕಡಲನ್ನು ಅಳೆಯುವ ಸಾಧನ ಎರಡು ಬಗೆಯವು. ಒಂದು ಬಂದರಿನ ಕಟ್ಟೆಗೆ ಕೂರಿಸಿದ ಉಬ್ಬರ ಮಾಪಕ. ಹಿಂದೆ ಬಾವಿಯಂಥ ಕೊಳವೆಯೊಳಗೆ ತೇಲುಬುಂಡೆ ಇರುತ್ತಿತ್ತು, ಈಗ ನೀರಿನ ಮೇಲ್ಮೈಗೆ ರೇಡಾರ್ ಅಲೆ ಹೊಡೆದು ದೂರ ಅಳೆಯುತ್ತಾರೆ, ಇಲ್ಲವೇ ತಳದಲ್ಲಿ ಒತ್ತಡ ಅಳೆಯುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಉಬ್ಬರ–ಇಳಿತದ ವಾರ್ಷಿಕ ಕೋಷ್ಟಕ ಪ್ರಕಟಿಸುತ್ತದೆ. ಕಡಲ ಮಾಹಿತಿ ಮತ್ತು ಮುನ್ಸೂಚನೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ದೇಶದ ಕರಾವಳಿಯ ಮಾಪಕಗಳಿಂದ ನಿಮಿಷಗಳ ಅಂತರದಲ್ಲಿ ಮಾಹಿತಿ ಪಡೆಯುತ್ತದೆ. ಕಾರವಾರದ ಕಡಲಿನಲ್ಲಿ ಅದರ ಅಲೆ ಮಾಪಕ ತೇಲುಬುರುಡೆಯೂ ಇದೆ.

ಈ ಜಾಲವನ್ನು ಮುಖ್ಯವಾಗಿ ಕಟ್ಟಿದ್ದು 2004ರ ಸುನಾಮಿಯ ನಂತರ, ಮುನ್ನೆಚ್ಚರಿಕೆಗಾಗಿ. ಸುನಾಮಿಗೆ ಬೇಕಾದ್ದು ವೇಗ. ಅರ್ಧ ಗಂಟೆಯಲ್ಲಿ ನೀರು ಎಷ್ಟು ಜಿಗಿಯಿತು ಎಂಬುದು ಗೊತ್ತಾದರೆ ಸಾಕು. ಕಡಲ ಮಟ್ಟದ ಏರಿಕೆಗೆ ಬೇಕಾದ್ದು ಬೇರೆಯೇ: ದಶಕಗಟ್ಟಲೆ ಕದಲದ ಸೊನ್ನೆ. ಮಾಪಕ ಕೂತ ಕಟ್ಟೆ ಎರಡು ಸೆಂಟಿಮೀಟರ್ ಕುಸಿದರೆ ಕಡಲು ಎರಡು ಸೆಂಟಿಮೀಟರ್ ಏರಿದಂತೆ ತೋರುತ್ತದೆ. ಮಾಪಕವನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಿ, ಹತ್ತಿರದ ಬಂಡೆಯ ಮೇಲೆ ಕೊರೆದ ಗುರುತಿನೊಂದಿಗೆ ಎತ್ತರ ತಾಳೆ ನೋಡದೆ ಹೋದರೆ ಆ ಜಾಗದ ಇಪ್ಪತ್ತು ವರ್ಷಗಳ ದಾಖಲೆಗೆ ಬೆಲೆ ಉಳಿಯುವುದಿಲ್ಲ. ಲಿವರ್‌ಪೂಲಿನಲ್ಲಿ 1933ರಿಂದ ಇರುವ ಸರಾಸರಿ ಸಮುದ್ರಮಟ್ಟದ ಕಾಯಂ ಸೇವೆ ಜಗತ್ತಿನ ಮಾಪಕಗಳ ತಿಂಗಳ ಸರಾಸರಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಆದರೂ ಭಾರತದ ಏರಿಕೆಯ ಬಗ್ಗೆ ಗಟ್ಟಿ ಮಾತು ಬರುವಾಗ ಮುಂಬೈ, ಕೊಚ್ಚಿ, ವಿಶಾಖಪಟ್ಟಣ, ಡೈಮಂಡ್ ಹಾರ್ಬರ್ ಎಂಬ ಕೆಲವೇ ಹೆಸರುಗಳು ಮರಳಿ ಮರಳಿ ಬರುವುದು ಇದೇ ಕಾರಣಕ್ಕೆ. ಮುಂಬೈಯದು 1878ರಿಂದ ಬಂದ ದಾಖಲೆ.

ಎರಡನೆಯದು ಉಪಗ್ರಹ. 1992ರಲ್ಲಿ ಹಾರಿದ ಟೋಪೆಕ್ಸ್–ಪೊಸೈಡನ್, ನಂತರ ಜೇಸನ್ ಸರಣಿ, 2020ರಿಂದ ಸೆಂಟಿನೆಲ್–6. ಸುಮಾರು 1,336 ಕಿಲೋಮೀಟರ್ ಎತ್ತರದಿಂದ ರೇಡಾರ್ ಅಲೆ ಕಳಿಸಿ, ಅದು ನೀರಿಗೆ ತಾಗಿ ಮರಳುವ ಸಮಯ ಅಳೆದು, ಹತ್ತು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳಿ ಬರುತ್ತವೆ. 2013ರಲ್ಲಿ ಇಸ್ರೊ ಹಾರಿಸಿದ ಸರಳ್ ಉಪಗ್ರಹದಲ್ಲೂ ಇಂಥ ಫ್ರೆಂಚ್ ಉಪಕರಣ ಇತ್ತು. ಯುರೋಪಿನ ಕೊಪರ್ನಿಕಸ್ ಸಾಗರ ಸೇವೆಯಲ್ಲಿ ಹೆಸರು ನೋಂದಾಯಿಸಿದರೆ ಅರಬ್ಬಿ ಸಮುದ್ರದ ಯಾವುದೇ ಚೌಕದ ಮೂವತ್ತು ವರ್ಷಗಳ ದತ್ತಾಂಶ ಕಾಸಿಲ್ಲದೆ ಸಿಗುತ್ತದೆ. ಉಪಗ್ರಹಕ್ಕೆ ಕಟ್ಟೆ ಕುಸಿಯುವ ಚಿಂತೆ ಇಲ್ಲ. ಆದರೆ ದಡದಿಂದ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಬಂದಾಗ ಅಲೆ ನೆಲಕ್ಕೂ ತಾಗಿ ಗೊಂದಲವಾಗುತ್ತದೆ. ಕಾರವಾರದ ಎದುರಿನ ಅಂಜುದೀವ್, ಕೂರ್ಮಗಡ, ದೇವಗಡದಂಥ ದ್ವೀಪಗಳಿರುವಲ್ಲಿ ಕೇಳುವುದೇ ಬೇಡ. ಆಳ ಸಮುದ್ರದ ಸುದ್ದಿಯನ್ನು ಉಪಗ್ರಹ ಚೆನ್ನಾಗಿ ಹೇಳುತ್ತದೆ, ದಡದ ಸುದ್ದಿಗೆ ಮಾಪಕವೇ ಬೇಕು.

ಮಳೆಗಾಲದಲ್ಲಿ ತಗ್ಗು, ಚಳಿಗಾಲದಲ್ಲಿ ಎತ್ತರ

ದತ್ತಾಂಶ ನೋಡಿದವರಿಗೆ ಮೊದಲು ಅಚ್ಚರಿ ಹುಟ್ಟಿಸುವ ಸಂಗತಿ ಇದು. ನಮ್ಮ ಕಡಲು ಅತಿ ರೌದ್ರವಾಗಿ ಕಾಣುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಆದರೆ ಅಲೆ, ಉಬ್ಬರ ಎರಡನ್ನೂ ಕಳೆದು ಉಳಿಯುವ ಸರಾಸರಿ ಮಟ್ಟ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕೊನೆಯ ಹೊತ್ತಿಗೆ ತಗ್ಗಿರುತ್ತದೆ, ನವೆಂಬರ್–ಡಿಸೆಂಬರ್ ಹೊತ್ತಿಗೆ ಮೇಲೇರುತ್ತದೆ. ವ್ಯತ್ಯಾಸ ಹತ್ತು ಸೆಂಟಿಮೀಟರನ್ನು ಮೀರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ದಡದ ಮೇಲ್ಪದರದ ನೀರು ಆಚೆ ಸರಿದು ಆಳದ ತಣ್ಣೀರು ಮೇಲೆ ಬರುತ್ತದೆ. ಈ ಪೋಷಕಾಂಶ ತುಂಬಿದ ತಣ್ಣೀರೇ ಬೂತಾಯಿ, ಬಂಗಡೆಗಳಿಗೆ ಮೇವು ಹುಟ್ಟಿಸುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರವಾಹ ದಿಕ್ಕು ಬದಲಿಸುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಕರಾವಳಿಗುಂಟ ಬರುವ ನಿಧಾನದ ಅಲೆಗಳು ಮಟ್ಟವನ್ನು ಎತ್ತುತ್ತವೆ.

ಇದರ ಪರಿಣಾಮ ಎರಡು. ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರಿನ ಏರಿಕೆ ವರ್ಷದೊಳಗಿನ ಈ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ, ಆದ್ದರಿಂದ ಜುಲೈಯ ಅಳತೆಯನ್ನು ಹೋದ ಡಿಸೆಂಬರಿನೊಂದಿಗೆ ಹೋಲಿಸಿ ಕಡಲು ಇಳಿದಿದೆ ಎನ್ನುವುದು ವ್ಯರ್ಥ. ಎರಡನೆಯದು ಹೆಚ್ಚು ಮುಖ್ಯ. ಮಳೆಯಿಲ್ಲದ, ಗಾಳಿಯಿಲ್ಲದ ಚಳಿಗಾಲದ ಹುಣ್ಣಿಮೆ–ಅಮಾವಾಸ್ಯೆಗಳಲ್ಲಿ ನೀರು ಗಜನಿಯ ಕಟ್ಟೆಯ ಅಂಚಿಗೆ ಬರುವುದರಲ್ಲಿ ಪವಾಡವೇನೂ ಇಲ್ಲ. ಹಾಗೆಯೇ ಬಿಸಿಲಿನ ದಿನ ಕಡಲು ಏಕಾಏಕಿ ಉಕ್ಕಿ ರಸ್ತೆಗೆ ಬಂತೆಂಬ ಸುದ್ದಿಯ ಹಿಂದೆ ಸಾಮಾನ್ಯವಾಗಿ ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಯಿಂದ ಹುಟ್ಟಿ, ಹಲವು ದಿನ ಪ್ರಯಾಣ ಮಾಡಿ ಬಂದ ಉದ್ದಲೆಗಳಿರುತ್ತವೆ. ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವುದು ಇದನ್ನೇ. ಇನ್‌ಕಾಯಿಸ್ ಇದಕ್ಕೆ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ, ಸಮುದ್ರ ಎಂಬ ಅದರ ಮೊಬೈಲ್ ಆ್ಯಪ್‌ನಲ್ಲೂ ಎಚ್ಚರಿಕೆಗಳು ಸಿಗುತ್ತವೆ. ದೋಣಿ ಇರುವವರು ನೋಡುತ್ತಾರೆ, ದಡದಲ್ಲಿ ಮನೆ ಇರುವವರು ನೋಡುವುದು ಕಡಿಮೆ.

ಕೆಂಪು ನಕ್ಷೆ ಎಡವುವುದು ಎಲ್ಲಿ

ನಕ್ಷೆ ತಯಾರಿಸುವ ವಿಧಾನ ಸರಳ. ನೆಲದ ಎತ್ತರದ ದತ್ತಾಂಶ ತೆಗೆದುಕೊಂಡು, ಭವಿಷ್ಯದ ಕಡಲ ಮಟ್ಟಕ್ಕೆ ವಾರ್ಷಿಕ ಪ್ರವಾಹದ ಎತ್ತರ ಸೇರಿಸಿ, ಬಟ್ಟಲಿಗೆ ನೀರು ಸುರಿದಂತೆ ತಗ್ಗಿನ ಜಾಗಕ್ಕೆಲ್ಲ ಬಣ್ಣ ತುಂಬುತ್ತಾರೆ. ಕಟ್ಟೆ, ತೂಬು, ಮರಳ ದಿಬ್ಬ, ನೀರು ಒಳಗೆ ಹರಿಯಲು ಹಿಡಿಯುವ ಸಮಯ, ಇವೆಲ್ಲ ಲೆಕ್ಕಕ್ಕೆ ಬರುವುದು ಅಪರೂಪ. ಹಾಗಾಗಿ ಅನೇಕ ನಕ್ಷೆಗಳಲ್ಲಿ ಕೆಂಪಾಗಿರುವ ಜಾಗ ‘ಶಾಶ್ವತವಾಗಿ ಮುಳುಗಿದ್ದು’ ಅಲ್ಲ, ‘ವರ್ಷಕ್ಕೊಮ್ಮೆಯಾದರೂ ನೀರು ತಲುಪಬಹುದಾದಷ್ಟು ತಗ್ಗಿನದು’. ನಕ್ಷೆ ಹಂಚುವವರು ಈ ಅಡಿಟಿಪ್ಪಣಿಯನ್ನು ಕತ್ತರಿಸಿ ಹಂಚುತ್ತಾರೆ.

ಇನ್ನು ನೆಲದ ಎತ್ತರ. ಬಹುಕಾಲ ಬಳಕೆಯಲ್ಲಿದ್ದುದು 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ತೆಗೆದ ಎತ್ತರದ ದತ್ತಾಂಶ. ಆ ರೇಡಾರ್ ನೆಲ ನೋಡುವುದಿಲ್ಲ, ಎದುರಾದ ಮೊದಲ ಮೇಲ್ಮೈ ನೋಡುತ್ತದೆ. ತೆಂಗಿನ ತೋಟವಿದ್ದರೆ ಗರಿಗಳ ಎತ್ತರ, ಪೇಟೆಯಿದ್ದರೆ ಮಾಡಿನ ಎತ್ತರ. ಅಂಕೋಲೆಯಿಂದ ಭಟ್ಕಳದವರೆಗೆ ಕಡಲಂಚಿನ ತಗ್ಗು ನೆಲದ ಬಹುಭಾಗ ತೆಂಗಿನ ನೆರಳಿನಲ್ಲಿದೆ ಎಂಬುದನ್ನು ನೆನೆದರೆ ಈ ದೋಷ ಇಲ್ಲಿ ಯಾವ ಕಡೆ ವಾಲುತ್ತದೆ ಎಂದು ತಿಳಿಯುತ್ತದೆ: ನೆಲ ಇದ್ದುದಕ್ಕಿಂತ ಎತ್ತರ ಕಾಣುತ್ತದೆ, ಅಪಾಯ ಇದ್ದುದಕ್ಕಿಂತ ಕಡಿಮೆ. 2019ರಲ್ಲಿ ಅಮೆರಿಕದ ಕ್ಲೈಮೇಟ್ ಸೆಂಟ್ರಲ್ ಸಂಸ್ಥೆ ಈ ದೋಷ ತಿದ್ದಿದ ನಕ್ಷೆ ಹೊರತಂದಾಗ ಜಗತ್ತಿನಾದ್ಯಂತ ಕೆಂಪು ಒಮ್ಮೆಲೇ ಹಬ್ಬಿತು. ಕಡಲು ಏರಿದ್ದರಿಂದಲ್ಲ, ನೆಲದ ಅಳತೆ ಇಳಿದಿದ್ದರಿಂದ. ಹೀಗೆ ಒಂದೇ ನಕ್ಷೆಯಲ್ಲಿ ಅಪಾಯವನ್ನು ಹಿಗ್ಗಿಸುವ ತಪ್ಪೂ ಕುಗ್ಗಿಸುವ ತಪ್ಪೂ ಅಕ್ಕಪಕ್ಕ ಕೂತಿರುತ್ತವೆ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ 2024ರಲ್ಲಿ ದೇಶದ ಹದಿನೈದು ಕರಾವಳಿ ಊರುಗಳ ಮುಳುಗಡೆ ನಕ್ಷೆ ಪ್ರಕಟಿಸಿತು. ಮಂಗಳೂರು, ಉಡುಪಿ ಅದರಲ್ಲಿದ್ದವು. ಕಾರವಾರ ಇರಲಿಲ್ಲ.

ಎತ್ತರದ ಮಾತು ಬಂದಾಗ ಕಾರವಾರಕ್ಕೊಂದು ವಿಶೇಷ ಸ್ಥಾನವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ ಎನ್ನುತ್ತೇವಲ್ಲ, ಆ ಸಮುದ್ರಮಟ್ಟ ಯಾವುದು? ಭಾರತದ ಎತ್ತರಗಳಿಗೆಲ್ಲ ಆಧಾರವಾದ 1909ರ ಸೊನ್ನೆಯನ್ನು ಒಂಬತ್ತು ಬಂದರುಗಳ ಉಬ್ಬರ ವೀಕ್ಷಣೆಯಿಂದ ಕಟ್ಟಿದರು. ಕರಾಚಿ, ಮುಂಬೈ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಮತ್ತು ಕಾರವಾರ. ಆ ಸೊನ್ನೆ ನೂರು ವರ್ಷಗಳ ಹಿಂದೆ ಇದ್ದಲ್ಲೇ ನಿಂತಿದೆ, ಕಡಲು ನಿಂತಿಲ್ಲ. 1901ರಿಂದ 2018ರ ನಡುವೆ ಜಾಗತಿಕವಾಗಿ ಕಡಲು ಸುಮಾರು 20 ಸೆಂಟಿಮೀಟರ್ ಏರಿದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಅಂದಾಜು. ಹಳೆಯ ಟೋಪೋ ನಕ್ಷೆಯ ಸೊನ್ನೆಯನ್ನೇ ಇಂದಿನ ಸರಾಸರಿ ಮಟ್ಟವೆಂದುಕೊಂಡು ಸೇತುವೆಗೋ ಗೋಡೆಗೋ ಎತ್ತರ ನಿಗದಿ ಮಾಡಿದರೆ ಶುರುವಿನಲ್ಲೇ ಗೇಣಳತೆಯ ತಪ್ಪು ಸೇರಿಕೊಳ್ಳಬಹುದು. ಇದರ ಮೇಲೆ ಉಬ್ಬರದ ಕೋಷ್ಟಕದ ಸೊನ್ನೆ ಬೇರೆ, ಅದು ಅತಿ ತಗ್ಗಿನ ಇಳಿತದ ಮಟ್ಟ. ಜಿಪಿಎಸ್‌ನ ಸೊನ್ನೆ ಮತ್ತೂ ಬೇರೆ. ತಿದ್ದದೆ ಓದಿದರೆ ಅದು ಕಾರವಾರದ ಕಡಲತೀರವನ್ನು ಹತ್ತಾರು ಮೀಟರ್ ಪಾತಾಳದಲ್ಲಿ ತೋರಿಸುತ್ತದೆ. ಮೂರು ಸೊನ್ನೆಗಳನ್ನು ಕಲಸಿ ಮಾಡಿದ ಲೆಕ್ಕಕ್ಕೆ ಯಾವ ಉಪಗ್ರಹವೂ ಜವಾಬ್ದಾರಿಯಲ್ಲ.

ಸರಾಸರಿಗಿಂತ ಉಬ್ಬರದ ನೆತ್ತಿ

ಈಗ ಮೂಲ ಪ್ರಶ್ನೆಗೆ ಬರಬಹುದು. ಹತ್ತು ಸೆಂಟಿಮೀಟರ್ ಏರಿದರೆ ಏನಾದೀತು?

ಕಾರವಾರದಲ್ಲಿ ಅಮಾವಾಸ್ಯೆ–ಹುಣ್ಣಿಮೆಯ ದಿನಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ಅಂತರ. ದಿನಕ್ಕೆ ಎರಡರಂತೆ, ಪ್ರತಿದಿನ ಐವತ್ತು ನಿಮಿಷ ತಡವಾಗುತ್ತ, ವರ್ಷಕ್ಕೆ ಸುಮಾರು 705 ಉಬ್ಬರಗಳು ಬರುತ್ತವೆ. ಇವುಗಳ ಎತ್ತರ ಒಂದೇ ಸಮ ಹರಡಿಕೊಂಡಿಲ್ಲ. ಅತಿ ಎತ್ತರದವು ಬೆರಳೆಣಿಕೆಯಷ್ಟು, ಅವಕ್ಕಿಂತ ನಾಲ್ಕಾರು ಬೆರಳು ಕಡಿಮೆ ಇರುವವು ಹತ್ತಾರು, ಅವಕ್ಕಿಂತಲೂ ಸ್ವಲ್ಪ ಕೆಳಗೆ ನೂರಾರು. ಒಂದು ಕಟ್ಟೆಯನ್ನು ವರ್ಷದ ನಾಲ್ಕೈದು ಅತಿ ದೊಡ್ಡ ಉಬ್ಬರಗಳು ಮಾತ್ರ ದಾಟುತ್ತವೆ ಎಂದು ಇಟ್ಟುಕೊಳ್ಳಿ. ಕಡಲು ಹತ್ತು ಸೆಂಟಿಮೀಟರ್ ಮೇಲೆ ಬಂದಾಗ ಆ ನಾಲ್ಕೈದಕ್ಕೆ ಇನ್ನೊಂದೆರಡು ಸೇರುವುದಿಲ್ಲ. ಇದುವರೆಗೆ ಅಂಚಿನ ಕೆಳಗೇ ನಿಂತು ಹಿಂದಿರುಗುತ್ತಿದ್ದ ಹತ್ತಾರು ಉಬ್ಬರಗಳು ಒಟ್ಟಿಗೆ ಒಳಬರುತ್ತವೆ. ಏರಿಕೆ ನೇರ ಗೆರೆಯಲ್ಲಿದ್ದರೂ ನೀರು ನುಗ್ಗುವ ದಿನಗಳ ಸಂಖ್ಯೆ ನೇರ ಗೆರೆಯಲ್ಲಿ ಹೆಚ್ಚುವುದಿಲ್ಲ.

ಹವಾಮಾನ ಸಮಿತಿಯ ಆರನೇ ವರದಿ ಇದನ್ನೇ ಜಗತ್ತಿನ ಮಟ್ಟದಲ್ಲಿ ಹೇಳುತ್ತದೆ: ಹಿಂದೆ ಶತಮಾನಕ್ಕೊಮ್ಮೆ ಬರುತ್ತಿದ್ದ ಅತಿ ಎತ್ತರದ ಮಟ್ಟ 2100ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಾಪಕ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬರಲಿದೆ. ಅದೇ ವರದಿಯಲ್ಲಿ 2100ರ ಜಾಗತಿಕ ಏರಿಕೆಯ ಅಂದಾಜು, ಹೊರಸೂಸುವಿಕೆ ಬಹಳ ಕಡಿಮೆಯಾದರೆ 28ರಿಂದ 55 ಸೆಂಟಿಮೀಟರ್, ಬಹಳ ಹೆಚ್ಚಾದರೆ 63 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. 2050ರ ತನಕ ಈ ಎರಡು ದಾರಿಗಳ ನಡುವೆ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ಅಂದರೆ ಮುಂದಿನ ಕಾಲು ಶತಮಾನದ ಏರಿಕೆ ಬಹುಪಾಲು ನಿಶ್ಚಿತವಾದದ್ದು. ಚರ್ಚೆ ಮಾಡಲು ಉಳಿದಿರುವುದು ಅದನ್ನು ಎದುರಿಸುವ ಬಗೆ.

ಗಜನಿಯ ಕಟ್ಟೆ

ಇದರ ಪರಿಣಾಮ ಮೊದಲು ಕಾಣುವುದು ಹೆದ್ದಾರಿಯಲ್ಲೂ ಅಲ್ಲ, ಟ್ಯಾಗೋರ್ ಕಡಲತೀರದಲ್ಲೂ ಅಲ್ಲ. ಅಘನಾಶಿನಿ ಅಳಿವೆಯ ಗಜನಿಗಳಲ್ಲಿ. ಕುಮಟಾದ ಮಾಣಿಕಟ್ಟಾ ಸುತ್ತ ಈ ತಗ್ಗು ಗದ್ದೆಗಳಲ್ಲಿ ಮಳೆ ಬಿದ್ದು ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರು ಬಿಟ್ಟುಕೊಂಡರೆ ಸಿಗಡಿ, ಮೀನು. ಇಡೀ ವ್ಯವಸ್ಥೆ ನಿಂತಿರುವುದು ಕಟ್ಟೆಯ ಎತ್ತರ ಮತ್ತು ತೂಬಿನ ಬಾಗಿಲ ಮೇಲೆ. ಉಬ್ಬರದಲ್ಲಿ ಹೊರಗಿನ ನೀರು ಬಾಗಿಲನ್ನು ಒತ್ತಿ ಮುಚ್ಚಬೇಕು, ಇಳಿತದಲ್ಲಿ ಒಳಗಿನ ಮಳೆನೀರು ಹೊರಹೋಗಬೇಕು.

ಕಡಲ ಮಟ್ಟ ಏರಿದಾಗ ಇಲ್ಲಿ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಉಬ್ಬರ ಕಟ್ಟೆ ಹತ್ತುವುದು ಒಂದು, ಅದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಇನ್ನೊಂದು: ಇಳಿತವೂ ಹಿಂದಿನಷ್ಟು ಕೆಳಗೆ ಹೋಗುವುದಿಲ್ಲ. ಆದ್ದರಿಂದ ತೂಬು ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ, ಒಳಗಿನ ನೀರು ಪೂರ್ತಿ ಹೊರಹೋಗುವ ಮೊದಲೇ ಮುಂದಿನ ಉಬ್ಬರ ಬಾಗಿಲು ಮುಚ್ಚುತ್ತದೆ. ಕಟ್ಟೆ ಗಟ್ಟಿಯಾಗಿದ್ದರೂ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಕಗ್ಗ ಕೊಯ್ಲಿಗೆ ಬರುವ ಹೊತ್ತಿಗೆ, ಮೇಲೆ ಹೇಳಿದ ಋತುಚಕ್ರದಂತೆ, ಕಡಲ ಸರಾಸರಿ ಮಟ್ಟವೂ ಏರತೊಡಗಿರುತ್ತದೆ. 1970ರ ದಶಕದಲ್ಲಿ, ಉಪ್ಪುನೀರಿನಿಂದ ಗದ್ದೆ ಕಾಯುವ ಖಾರಲ್ಯಾಂಡ್ ಯೋಜನೆಯಡಿ ಸರ್ಕಾರ ಇಲ್ಲಿ ಕಾಯಂ ಕಟ್ಟೆ ಕಟ್ಟಿತು. ಆ ಕಾಲದ ಉಬ್ಬರಕ್ಕೆ ಸರಿಯೆನಿಸಿದ ಎತ್ತರ ಇವತ್ತಿನದಕ್ಕೂ ಸರಿಯೇ ಎಂದು ಹೊಸದಾಗಿ ಅಳೆದೇ ಹೇಳಬೇಕು. ಅಘನಾಶಿನಿ ಅಳಿವೆಗೆ 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಬಂದಿರುವುದರಿಂದ ಇಂಥ ಅಳತೆಗೆ ಹಣ ಕೇಳಲು ಒಂದು ನೆಪವಾದರೂ ಸಿಕ್ಕಿದೆ.

ಮೇಲಿನಿಂದ ನದಿ, ಕೆಳಗಿನಿಂದ ಉಬ್ಬರ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಸುರಿದದ್ದೆಲ್ಲ ತಡೆಯಿಲ್ಲದೆ ಕೆಳಗೆ ಬರುತ್ತದೆ. ಕಾಳಿಯಲ್ಲಿ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳ ಸಾಲಿದೆ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳದಂಡೆಯ ಹಳ್ಳಿಗಳು ಜಲಾವೃತವಾದದ್ದನ್ನು ಜಿಲ್ಲೆ ಮರೆತಿಲ್ಲ. ನದಿಯ ನೆರೆ ಅಳಿವೆ ತಲುಪುವ ಹೊತ್ತಿಗೆ ಉಬ್ಬರವಿದ್ದರೆ ಅದಕ್ಕೆ ಹೊರಹೋಗಲು ದಾರಿಯಿಲ್ಲ, ಅದು ಅಕ್ಕಪಕ್ಕದ ನೆಲಕ್ಕೆ ಹರಡುತ್ತದೆ. ಅಷ್ಟೇ ನೀರು ಆರು ತಾಸು ಆಚೀಚೆ ಬಂದಿದ್ದರೆ ಮನೆಯೊಳಗೆ ಬರುತ್ತಲೇ ಇರಲಿಲ್ಲವೇನೋ. ಕಡಲ ಮಟ್ಟ ಏರಿದಂತೆ ಈ ತಡೆ ಗಟ್ಟಿಯಾಗುತ್ತ, ನದಿಯೊಳಗೆ ಇನ್ನಷ್ಟು ಮೇಲಕ್ಕೆ ಸರಿಯುತ್ತದೆ.

ಇಲ್ಲಿ ಒಂದು ಸಮಾಧಾನದ ಅಂಶವಿದೆ. ಮಳೆ ಯಾವ ದಿನ ಎಷ್ಟು ಎಂಬುದು ಅನುಮಾನದ ಮಾತು, ಉಬ್ಬರದ ವೇಳೆ ವರ್ಷ ಮೊದಲೇ ಅಚ್ಚಾಗಿರುತ್ತದೆ. ಗೇಟು ತೆರೆಯುವ ನಿರ್ಧಾರದಲ್ಲಿ ಜಲಾಶಯದ ಮಟ್ಟದ ಪಕ್ಕ ಉಬ್ಬರದ ಕೋಷ್ಟಕವನ್ನೂ ಇಟ್ಟುಕೊಳ್ಳಲು ಹೊಸ ತಂತ್ರಜ್ಞಾನ ಬೇಕಿಲ್ಲ.

ಕೊರೆತಕ್ಕೆ ಯಾರು ಹೊಣೆ

ವಾದ ಬಿಸಿಯೇರುವುದು ಇಲ್ಲಿ. ಮೀನುಗಾರರ ಸಂಘಟನೆಗಳ ವಾದ: ಕೊರೆತಕ್ಕೆ ಕಾರಣ ಅಲೆತಡೆ ಗೋಡೆ, ಹೂಳೆತ್ತುವಿಕೆ, ಬಂದರು ವಿಸ್ತರಣೆ. ಕಾರವಾರ ಬಂದರಿನ ಎರಡನೇ ಹಂತದ ವಿರುದ್ಧ 2020ರ ಜನವರಿಯಲ್ಲಿ ಬೀದಿಗಿಳಿದದ್ದು, ಹೊನ್ನಾವರದ ಕಾಸರಕೋಡು ಟೊಂಕದ ಹೋರಾಟ, ಅಂಕೋಲೆಯ ಕೇಣಿಯ ವಿರೋಧ ಇವುಗಳ ಹಿಂದೆ ಈ ಆತಂಕವೂ ಇದೆ. ಯೋಜನೆಯ ಪರವಾಗಿರುವವರು ಕೊರೆತವನ್ನು ಜಾಗತಿಕ ಕಡಲೇರಿಕೆಯ ಖಾತೆಗೆ ಹಾಕುತ್ತಾರೆ. ಜಾಗತಿಕವಾದದ್ದಕ್ಕೆ ಸ್ಥಳೀಯ ಹೊಣೆಗಾರರಿರುವುದಿಲ್ಲ, ಆದ್ದರಿಂದ ಆ ವಾದ ಅನುಕೂಲಕರ.

ದತ್ತಾಂಶ ಏನು ಹೇಳುತ್ತದೆ? ಮರಳು ಅಲೆಗಳ ಜೊತೆ ದಡಕ್ಕುಂಟ ಸಾಗುತ್ತಿರುತ್ತದೆ. ದಾರಿಗೆ ಗೋಡೆ ಅಡ್ಡ ಬಂದರೆ ಒಂದು ಬದಿಯಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ಅಣೆಕಟ್ಟುಗಳು ಘಟ್ಟದಿಂದ ಬರಬೇಕಾದ ಮರಳನ್ನು ಹಿಡಿದಿಟ್ಟಿರುವುದು, ಅಳಿವೆಯ ಮರಳುಗಾರಿಕೆ ಇವೆಲ್ಲ ಅದೇ ಖಾತೆಯ ಕಳೆತಗಳು. ಶರಾವತಿಯ ಅಳಿವೆಬಾಯಿ ಮನುಷ್ಯರ ಹಂಗಿಲ್ಲದೆಯೂ ಜಾಗ ಬದಲಿಸುತ್ತ ಬಂದಿದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ಉಪಗ್ರಹ ಚಿತ್ರಗಳನ್ನು ಹೋಲಿಸಿದಾಗ ದೇಶದ ಕರಾವಳಿಯ 33.6 ಶೇಕಡಾ ಕೊರೆದುಹೋಗುತ್ತಿತ್ತು, 26.9 ಶೇಕಡಾ ಬೆಳೆಯುತ್ತಿತ್ತು. ಏರುವ ಕಡಲೊಂದೇ ಕಾರಣವಾಗಿದ್ದರೆ ಕಾಲು ಭಾಗಕ್ಕಿಂತ ಹೆಚ್ಚು ದಡ ಕಡಲಿನತ್ತ ಬೆಳೆಯಬಾರದಿತ್ತು. ಹಾಗಾಗಿ ಇಂದಿನ ಕೊರೆತದ ಮಟ್ಟಿಗೆ ಮೀನುಗಾರರ ವಾದದಲ್ಲೇ ಹುರುಳು ಹೆಚ್ಚು. ಮುಂದಿನ ಮೂವತ್ತು ವರ್ಷಗಳಲ್ಲಿ ಕಡಲೇರಿಕೆಯ ಪಾಲು ದೊಡ್ಡದಾಗುತ್ತ ಹೋಗುತ್ತದೆ. ಮರಳು ಕಳೆದುಕೊಂಡ ದಡ ಅದನ್ನು ತಡೆಯುವ ಶಕ್ತಿಯನ್ನೂ ಮೊದಲೇ ಕಳೆದುಕೊಂಡಿರುತ್ತದೆ. ಕಲ್ಲು ಸುರಿದು ಕಟ್ಟುವ ತಡೆಗೋಡೆ ತನ್ನ ಹಿಂದಿನ ಮನೆಗಳನ್ನು ಕೆಲವು ಮಳೆಗಾಲ ಕಾಯುತ್ತದೆ, ತನ್ನ ಮುಂದಿನ ಮರಳನ್ನು ಕಳೆಯುತ್ತದೆ, ತನ್ನ ತುದಿಯಲ್ಲಿ ಹೊಸ ಕೊರೆತ ಶುರುಮಾಡುತ್ತದೆ. ಆಮೇಲೆ ಆ ತುದಿಯ ಊರಿನವರು ಗೋಡೆ ಕೇಳುತ್ತಾರೆ. ಅವರ ಬೇಡಿಕೆಯನ್ನು ತಪ್ಪೆನ್ನುವಂತಿಲ್ಲ, ಎರಡು ಮಳೆಗಾಲದ ಮುಂದಿನ ಲೆಕ್ಕ ಹಾಕುವ ಸ್ಥಿತಿ ಅವರದಲ್ಲ.

ಅಪಾಯದ ರೇಖೆ ಯಾರ ಕೈಯಲ್ಲಿ

ಉಬ್ಬರ, ಅಲೆ, ಕಡಲೇರಿಕೆ ಮತ್ತು ದಡ ಸರಿಯುವ ವೇಗ ಎಲ್ಲವನ್ನೂ ಸೇರಿಸಿ ಭಾರತೀಯ ಸರ್ವೇಕ್ಷಣಾ ಇಲಾಖೆ ಇಡೀ ದೇಶದ ಕರಾವಳಿಗೆ ಅಪಾಯ ರೇಖೆ ಎಳೆದಿದೆ. 2019ರ ಜನವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಆ ರೇಖೆಯನ್ನು ವಿಪತ್ತು ನಿರ್ವಹಣೆ ಮತ್ತು ಯೋಜನೆಯ ಸಾಧನವಾಗಿ ಉಳಿಸಿಕೊಂಡಿತು. ಕಟ್ಟಡಗಳನ್ನು ನಿಷೇಧಿಸುವ ಗಡಿಯಾಗಿ ಅಲ್ಲ. ಅದೇ ಅಧಿಸೂಚನೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಪ್ರವಾಸೋದ್ಯಮದವರು ಇದನ್ನು ಸ್ವಾಗತಿಸಿದರು. ಮೀನುಗಾರರ ಕೇರಿಗಳಿಗೂ ಮನೆ ರಿಪೇರಿ ಮಾಡಿಕೊಳ್ಳಲು ಸಡಿಲಿಕೆ ಬೇಕಿತ್ತು ಎಂಬುದು ನಿಜ. ಆದರೆ ಕೇರಿಯವರಿಗೆಂದು ತೆರೆದ ಬಾಗಿಲಿನಲ್ಲಿ ರೆಸಾರ್ಟುಗಳೂ ನುಗ್ಗುತ್ತವೆ. ಕಡಲು ಹತ್ತಿರ ಬರುತ್ತಿರುವ ಕಾಲದಲ್ಲಿ ಗಡಿಯನ್ನೂ ಕಡಲಿಗೆ ಹತ್ತಿರ ತಂದದ್ದಕ್ಕೆ ಉಬ್ಬರದ ದತ್ತಾಂಶದಲ್ಲಿ ಸಮರ್ಥನೆ ಸಿಗುವುದಿಲ್ಲ.

ಹದಿನೈದನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ಶಿಫಾರಸು ಮಾಡಿತ್ತು. ಎರಡನೆಯ ಬಾಬ್ತು ಇದೆ ಎಂಬುದೇ ಮುಖ್ಯ. ಕೆಲವು ಜಾಗ ಬಿಟ್ಟುಕೊಡಬೇಕಾದೀತು ಎಂದು ಸರ್ಕಾರದ ಕಾಗದ ಒಪ್ಪಿಕೊಂಡಂತಾಯಿತು. ಯಾವ ಜಾಗ, ಯಾವಾಗ ಎಂಬುದನ್ನು ಹೇಳಲು ನೆಲದ ಎತ್ತರ ಬೇಕು. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ನೆಲದ ಕುಸಿತವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಅಳೆಯಬಲ್ಲದು, ಅದರ ದತ್ತಾಂಶವೂ ಸಾರ್ವಜನಿಕ. ಅದು ನೆಲದ ಚಲನೆ ಹೇಳುತ್ತದೆ. ಕಟ್ಟೆಯ ನೆತ್ತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಲೆವೆಲಿಂಗ್ ಉಪಕರಣ ಹಿಡಿದು ಸ್ಥಳದಲ್ಲೇ ಅಳೆಯಬೇಕು. ಗಂಗಾವಳಿಯ ಮಂಜುಗುಣಿ, ಅಘನಾಶಿನಿಯ ತದಡಿ, ಶರಾವತಿಯ ಕಾಸರಕೋಡು, ಹೀಗೆ ಪ್ರತಿ ಅಳಿವೆಯ ಧಕ್ಕೆ ಅಥವಾ ಸೇತುವೆ ಕಂಬಕ್ಕೆ ಒಂದೊಂದು ಅಳತೆಪಟ್ಟಿ ಬಡಿದು, ಅದರ ಸೊನ್ನೆಯನ್ನು ಕಾರವಾರದ ಮಾಪಕದ ಸೊನ್ನೆಗೆ ಜೋಡಿಸಿ, ದೊಡ್ಡ ಉಬ್ಬರದ ದಿನ ನೀರು ಎಲ್ಲಿಗೆ ಬಂತೆಂದು ಗ್ರಾಮ ಪಂಚಾಯಿತಿಯ ವಹಿಯಲ್ಲಿ ಬರೆದಿಟ್ಟರೆ, ಐದು ವರ್ಷದಲ್ಲಿ ಯಾವ ಕೆಂಪು ನಕ್ಷೆಯೂ ಕೊಡಲಾರದ ಮಾಹಿತಿ ಕೈಯಲ್ಲಿರುತ್ತದೆ. ತಡೆಗೋಡೆಯ ಒಂದು ಕಿಲೋಮೀಟರಿಗೆ ಆಗುವ ಖರ್ಚಿನ ಪಕ್ಕದಲ್ಲಿ ಇದಕ್ಕೆ ಬೀಳುವ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ. ಮುಂದಿನ ಬಾರಿ ಗೋಡೆಯ ಅಂದಾಜುಪಟ್ಟಿ ಮಂಜೂರಾಗುವಾಗ ಇದನ್ನೂ ಅದರಲ್ಲಿ ಒಂದು ಸಾಲಾಗಿ ಸೇರಿಸಬಹುದು.